ಎಂಟು ಗಂಟೆಯ ಬಟ್ಟೆ

ಆ ದಿನಗಳಲ್ಲಿ ನಮ್ಮ ಕಣಿವೆಯ ಏಳು ಮನೆಗಳಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಬಟ್ಟೆ ಒಣಗಿಸುವ ತಂತಿಯ ಮೇಲೆ ಒಂದು ಬಟ್ಟೆ ಇರಲೇಬೇಕಿತ್ತು. ಬಿಳಿ ಇದ್ದರೆ ಆ ಮನೆಯ ಹಳೇ ಸೈನಿಕರು ಚೆನ್ನಾಗಿದ್ದಾರೆ ಎಂದು ಅರ್ಥ. ಕೆಂಪು ಇದ್ದರೆ ಕೂಡಲೇ ಬನ್ನಿ. ಏನೂ ಇಲ್ಲದಿದ್ದರೂ ಬನ್ನಿ. ಎದುರು ಬೆಟ್ಟದ ತಮ್ಮ ಮನೆಯ ಜಗಲಿಯಲ್ಲಿ ನಿಂತು ನೇವಿ ದೊಡ್ಡಪ್ಪ ದುರ್ಬೀನಿನಲ್ಲಿ ಒಂದೊಂದೇ ಅಂಗಳ ನೋಡುತ್ತಿದ್ದರು. ನಮ್ಮ ಮನೆಯ ಬಟ್ಟೆ ಹಾಕುವ ಕೆಲಸ ನನ್ನದು. ನಾನಾಗ ನಾಲ್ಕನೇ ಕ್ಲಾಸು.

‘ಆ ದಿನಗಳಲ್ಲಿ’ ಎಂದು ಬರೆದ ಕೂಡಲೇ ಎಲ್ಲ ನೆನಪೂ ಮದುವೆ ಮನೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ ಎತ್ತರದ ಪ್ರಕಾರ ಸಾಲಾಗಿ ನಿಂತುಬಿಡುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ. ಗೊತ್ತಿರುವುದನ್ನು ಗೊತ್ತು ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಬರೆಯಲು ನೋಡುತ್ತೇನೆ. ನನ್ನ ಅಕ್ಕ ಇದನ್ನು ಓದಿದರೆ ಅರ್ಧ ಸುಳ್ಳು ಎನ್ನುತ್ತಾಳೆ. ಯಾವ ಅರ್ಧ ಎಂದು ಕೇಳಿದರೆ ಅವಳು ದಿನಕ್ಕೊಂದು ಅರ್ಧ ತೋರಿಸುತ್ತಾಳೆ.

ನೇವಿ ದೊಡ್ಡಪ್ಪನ ಹೆಸರು ಮಲ್ಲಪ್ಪ. ನಮಗೆ ನೆಂಟರೇನಲ್ಲ. ಸೋಮವಾರಪೇಟೆಯ ಕಡೆಯ ನಮ್ಮ ಊರುಗಳಲ್ಲಿ ಮನೆಗೊಬ್ಬರು ಸೈನ್ಯಕ್ಕೆ ಹೋದವರು, ಆದರೆ ಎಲ್ಲರೂ ನೆಲದ ಸೈನ್ಯದವರು. ಸಮುದ್ರದ ಸೈನ್ಯಕ್ಕೆ ಹೋಗಿ ಬಂದವರು ಇವರೊಬ್ಬರೇ. ಹಡಗಿನಲ್ಲಿ ಬಾವುಟ ಮತ್ತು ದೀಪಗಳಿಂದ ಸಂದೇಶ ಕಳಿಸುವ ಕೆಲಸ ಅವರದು. ಹದಿನೈದು ವರ್ಷ ಮಾಡಿ ಊರಿಗೆ ಬಂದವರು ತಮ್ಮ ಎರಡೆಕರೆ ತೋಟವನ್ನು ಹೆಂಡತಿಗೆ ಬಿಟ್ಟು, ಊರೂರಿನ ಹಳೇ ಸೈನಿಕರ ಹಿಂದೆ ಬಿದ್ದರು. ಯಾರ ಸೈನ್ಯದ ಬಿಡುಗಡೆ ಪುಸ್ತಕದಲ್ಲಿ ಅಪ್ಪನ ಹೆಸರು ತಪ್ಪಾಗಿದೆ, ಯಾರ ಕಿವಿ ಫಿರಂಗಿಯ ಸದ್ದಿಗೆ ಹೋಗಿದೆ, ಯಾವ ಹೆಂಗಸಿನ ಅರ್ಜಿ ಯಾವ ಕಚೇರಿಯ ಮೇಜಿನ ಮೇಲೆ ಕೂತಿದೆ, ಎಲ್ಲ ಅವರಿಗೆ ಬಾಯಿಪಾಠ. ರೆಕ್ಸಿನ್ ಚೀಲ ಹಿಡಿದು ಬೆಳಿಗ್ಗೆ ಬಸ್ಸು ಹತ್ತಿದರೆ ಒಂದು ದಿನ ಮೂರ್ನಾಡು, ಒಂದು ದಿನ ಪಾಲಿಬೆಟ್ಟ. ಅವರು ಹತ್ತಿರ ಬಂದರೆ ಹಿತ್ತಾಳೆ ಪಾಲಿಶ್ ವಾಸನೆ ಬರುತ್ತಿತ್ತು. ಬೆಲ್ಟಿನ ಬಕ್ಕಲ್ಲನ್ನು ದಿನಾ ಉಜ್ಜುತ್ತಿದ್ದರು.

ಬಟ್ಟೆಯ ಕಾನೂನು ಶುರುವಾದದ್ದು ಒಂದು ಸಾವಿನಿಂದ. ಹಿಂದಿನ ಮಳೆಗಾಲದಲ್ಲಿ ಕೆಳಗಿನ ಎಸ್ಟೇಟಿನ ಪಕ್ಕ ಒಬ್ಬರೇ ಇದ್ದ ಹಳೇ ಸೈನಿಕರೊಬ್ಬರು ತೀರಿಕೊಂಡು, ಮೂರು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಮಳೆ ನಿಂತ ಮೇಲೆ ನೇವಿ ದೊಡ್ಡಪ್ಪ ತಮ್ಮ ಜಗಲಿಯಿಂದ ಕಾಣುವ ಏಳು ಮನೆಗೂ ಬಂದು ಒಂದೊಂದು ಕೆಂಪು ಬಟ್ಟೆ ಕೊಟ್ಟರು. ಎರಡು ಮೊಳದ್ದು. ಅಂಚು ಅವರೇ ಕೈಯಲ್ಲಿ ಹೊಲಿದದ್ದು.

“ಬಿಳಿ ಬಟ್ಟೆ ನಿಮ್ಮನೇದೇ ಹಾಕಿ, ಹವಾಲ್ದಾರ್ರೇ. ಕೆಂಪು ಮಾತ್ರ ಎಲ್ಲಾರದ್ದೂ ಒಂದೇ ತರ ಇರ್ಲಿ,” ಎಂದರು ನನ್ನ ತಾತನಿಗೆ.

ತಾತ ಜಗಲಿಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. “ಅಂದ್ರೆ ನಾನು ಸತ್ತಿಲ್ಲ ಅಂತ ದಿನಾ ಬೆಳಿಗ್ಗೆ ಊರಿಗೆಲ್ಲ ಬಟ್ಟೆ ತೋರಿಸ್ಬೇಕು?”

“ಊರಿಗಲ್ಲ, ನಂಗೊಬ್ಬನಿಗೆ.”

“ಅದಿನ್ನೂ ನಾಚಿಕೆ. ಲೋ ಮಲ್ಲಪ್ಪ, ನೀನು ನೀರು ನೋಡ್ಕೊಂಡು ಕೂತು ಬಂದೋನು. ನಾವು ಮಂಜುಗಡ್ಡೆ ಮೇಲೆ ನಿಂತು ಬಂದೋರು. ನಮ್ಮನ್ನ ನೀನು ಕಾಯ್ತೀಯಾ?”

“ಹಡಗಲ್ಲಿ ಒಬ್ಬ ಕಾಣ್ದೆ ಹೋದ್ರೆ ಹಡಗನ್ನೇ ತಿರುಗಿಸ್ತಾರೆ ಹವಾಲ್ದಾರ್ರೇ. ಇಲ್ಲಿ ಮೂರು ದಿನ ಆದ್ರೂ ಯಾರೂ ಕತ್ತು ತಿರುಗಿಸ್ಲಿಲ್ಲ.”

ತಾತ ಒಂದು ತೊಳೆ ಬಾಯಿಗೆ ಹಾಕಿಕೊಂಡು ನನ್ನ ಕಡೆ ಕೈ ತೋರಿಸಿದರು. “ಆ ಕೂಸಿನ ಕೈಗೆ ಕೊಡು. ಅವಳಿಗೆ ಬೇರೆ ಕೆಲ್ಸ ಇಲ್ಲ.”

ಹೀಗೆ ನನಗೆ ನೌಕರಿ ಸಿಕ್ಕಿತು.

ಅದು ಕಾಫಿ ಕುಯ್ಲಿನ ಕಾಲ. ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಹುಳಿ ವಾಸನೆ, ಬಚ್ಚಲ ಒಲೆಯ ಹೊಗೆ, ಅಕ್ಕಿರೊಟ್ಟಿ ಹೆಂಚಿನಲ್ಲಿ ಕಂದುವ ವಾಸನೆ, ಇವೆಲ್ಲ ಒಟ್ಟಿಗೆ ಬಂದರೆ ಈಗಲೂ ನನಗೆ ಎಂಟು ಗಂಟೆ ಆಯಿತು ಅನ್ನಿಸುತ್ತದೆ. ಕಣದ ಕಾಫಿಯನ್ನು ಕಾಲಿನಿಂದ ಸಾಲು ಎಳೆದು ತಿರುವುವುದು ನಮ್ಮ ಆಟ. ಬೆಳಿಗ್ಗೆ ಹಣ್ಣುಗಳು ತಣ್ಣಗಿದ್ದು ಬೆರಳ ಸಂದಿಯಲ್ಲಿ ಅಂಟುತ್ತಿದ್ದವು. ರೇಡಿಯೋ ಎಂಟು ಹೊಡೆಯುವ ಮೊದಲೇ ನಾನು ಕಲ್ಲಿನ ಮೇಲೆ ಹತ್ತಿ ತಾತನ ಬಿಳಿ ಟವಲನ್ನು ತಂತಿಗೆ ಎಸೆದು, ಎರಡು ಕ್ಲಿಪ್ಪು ಹಾಕಿ, ಎದುರು ಬೆಟ್ಟದ ಕಡೆ ತಿರುಗಿ ಸೆಲ್ಯೂಟ್ ಹೊಡೆಯುತ್ತಿದ್ದೆ. ಅವರಿಗೆ ನಾನು ಕಾಣುತ್ತಿದ್ದೆನೋ ಇಲ್ಲವೋ. ಕಾಣುತ್ತಿದ್ದೆ ಎಂದೇ ನನ್ನ ನಂಬಿಕೆ.

ಕೆಂಪು ಬಟ್ಟೆ ಗೂಡಿನಲ್ಲಿ ಮಡಿಸಿಟ್ಟಂತೆಯೇ ಇತ್ತು. ಅದನ್ನು ಒಮ್ಮೆ ಹಾಕಿ ನೋಡಬೇಕು ಎಂಬ ಆಸೆಗಿಂತ ದುರ್ಬೀನನ್ನು ಒಮ್ಮೆ ಕಣ್ಣಿಗೆ ಹಿಡಿಯಬೇಕು ಎಂಬ ಆಸೆ ನನಗೆ ಹೆಚ್ಚು. ಕೆಂಪು ಹಾಕಿದರೆ ಅವರು ಬರುತ್ತಾರೆ, ಬಂದರೆ ದುರ್ಬೀನು ಕೊರಳಲ್ಲಿರುತ್ತದೆ. ಲೆಕ್ಕ ಸರಿಯಾಗಿತ್ತು. ಒಂದು ಬೆಳಿಗ್ಗೆ ಹಾಕಿಬಿಟ್ಟೆ.

ಗದ್ದೆ ದಾಟಿ ಬರಲು ಇಪ್ಪತ್ತು ನಿಮಿಷ ಬೇಕು. ಅವರು ಹತ್ತೇ ನಿಮಿಷದಲ್ಲಿ ಬಂದರು ಎಂದು ನನ್ನ ನೆನಪು ಹೇಳುತ್ತದೆ, ಅದನ್ನು ನಂಬಬೇಕಾಗಿಲ್ಲ. ಒಬ್ಬರೇ ಬರಲಿಲ್ಲ. ದಾರಿಯ ಮನೆಯಿಂದ ಸುಬೇದಾರ್ ಕಾಳಪ್ಪನವರನ್ನೂ ಇನ್ನಿಬ್ಬರು ಮುದುಕರನ್ನೂ ಎಬ್ಬಿಸಿಕೊಂಡು, ಎರಡು ಬಿದಿರಿಗೆ ಗೋಣಿ ಕಟ್ಟಿದ ಡೋಲಿ ಹೊತ್ತುಕೊಂಡು, ಹಿತ್ತಲಿಂದಲೇ ನುಗ್ಗಿದರು. ಹಿತ್ತಲಲ್ಲಿ ತಾತ ಮೈತುಂಬ ಹರಳೆಣ್ಣೆ ಹಚ್ಚಿಕೊಂಡು ಬರೀ ಲಂಗೋಟಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು.

“ಯಾವನೋ ಅದು!” ಎಂದು ತಾತ ಚೊಂಬು ಎತ್ತಿದರು.

“ಹವಾಲ್ದಾರ್ರೇ, ಜೀವ ಅದೆ ತಾನೆ?” ನೇವಿ ದೊಡ್ಡಪ್ಪನಿಗೆ ಏದುಸಿರು.

“ನಿನ್ನ ಕೊಲ್ಲೋವಷ್ಟು ಅದೆ!”

ಸುಬೇದಾರ್ ಕಾಳಪ್ಪನವರು ಡೋಲಿಯನ್ನು ನೆಲಕ್ಕಿಟ್ಟು ಅದರ ಮೇಲೇ ಕೂತರು. “ನಂಗೆ ಈಗ ಇದು ಬೇಕು ಮಲ್ಲಪ್ಪ. ನನ್ನೇ ಮನೆಗೆ ಹೊತ್ಕೊಂಡೋಗಿ.”

ಎಲ್ಲರೂ ನಕ್ಕರು. ತಾತ ನಗಲಿಲ್ಲ. ಅವರು ತಂತಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಇತರ ಸೈನಿಕರೆದುರು ಎಣ್ಣೆ ಮೈಯಲ್ಲಿ ನಿಂತಿದ್ದ ಆ ಮನುಷ್ಯನ ಮುಖವನ್ನು ನಾನು ಆ ಮೊದಲು ನೋಡಿರಲಿಲ್ಲ. ಅವರೆಲ್ಲ ಬೆಲ್ಲದ ಕಾಫಿ ಕುಡಿದು ಹೊರಟ ಮೇಲೆ ಕೆಂಪು ಬಟ್ಟೆಯನ್ನು ನನ್ನ ಎರಡೂ ಕೈಗೆ ಕೊಟ್ಟು, ತಲೆಯ ಮೇಲೆತ್ತಿಸಿ ಅರ್ಧ ಗಂಟೆ ನಿಲ್ಲಿಸಿದರು. “ಇನ್ನೊಂದ್ಸಲ ಈ ಮನೆ ತಂತಿ ಮೇಲೆ ಕೆಂಪು ಬಂದ್ರೆ ಕೈ ಮುರೀತೀನಿ, ಗೊತ್ತಾಯ್ತಾ?”

ಆದರೆ ಹೊರಡುವ ಮುಂಚೆ ನೇವಿ ದೊಡ್ಡಪ್ಪ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದ್ದರು. ಬೈಯಲಿಲ್ಲ. “ಸುಳ್ಳು ಕೆಂಪಿಗೂ ಬರ್ಲೇಬೇಕು ಮಗಾ. ಬಂದ್ಮೇಲೆ ತಾನೆ ಸುಳ್ಳು ಅಂತ ಗೊತ್ತಾಗೋದು,” ಎಂದರು. ನಾನು ನೋಡಿದೆ. ಅವರ ಜಗಲಿ ಕೈಗೆ ಸಿಗುವಷ್ಟು ಹತ್ತಿರ. ಅಲ್ಲಿ ಅವರ ಹೆಂಡತಿ ಗೌರಮ್ಮ ದೊಡ್ಡಮ್ಮ ಹಳದಿ ಸೀರೆಯುಟ್ಟು ಮೆಣಸು ಆರಿಸುತ್ತಿದ್ದರು. ಆ ಹಳದಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇದಾಗಿ ಎಷ್ಟು ದಿನಕ್ಕೆ ಮುಂದಿನದು ನಡೆಯಿತು? ಒಂದು ವಾರ ಎಂದು ನಾನು ಹೇಳಿಕೊಳ್ಳುತ್ತೇನೆ. ಒಂದು ತಿಂಗಳಾದರೂ ಇರಬಹುದು. ಮೊದಲು ಸುಳ್ಳು ಕೆಂಪು, ಆಮೇಲೆ ಇನ್ನೊಂದು. ಎರಡೂ ಹೀಗೆ ಜೋಡಿಸಿಟ್ಟ ಹಾಗೆ ಬರುವುದೇ ನನಗೆ ಅನುಮಾನ. ಅಕ್ಕ ಹೇಳುವ ಪ್ರಕಾರ ಡೋಲಿಯ ಕಥೆ ಮರುವರ್ಷದ್ದು. ಮರುವರ್ಷ ಬಟ್ಟೆಯೇ ಇರಲಿಲ್ಲ, ಆದ್ದರಿಂದ ಅವಳದು ತಪ್ಪು. ಆದರೂ ಹೇಳುವಾಗ ಅವಳ ಮುಖದಲ್ಲಿ ಅನುಮಾನ ಇರುವುದಿಲ್ಲ, ನನ್ನ ಮುಖದಲ್ಲಿ ಇರುತ್ತದೆ.

ಅದು ಭಾನುವಾರ. ಅಪ್ಪ, ಅಮ್ಮ, ಅಜ್ಜಿ, ಅಕ್ಕ ಏಳಕ್ಕೇ ಕೆಳಗಿನ ತೋಟಕ್ಕೆ ಕಾಫಿ ಕುಯ್ಯಲು ಹೋಗಿದ್ದರು. ಓಡಿದರೆ ಹತ್ತು ನಿಮಿಷದ ದಾರಿ. ಮನೆಯಲ್ಲಿ ನಾನು ಮತ್ತು ತಾತ. ತಾತನಿಗೆ ಕಾಫಿ ಲೋಟ ಕೊಟ್ಟೆ. ಅದು ಅವರ ಬಲಗೈಯಿಂದ ಜಾರಿ ಬಿತ್ತು. ಬಿದ್ದ ಲೋಟವನ್ನು ಅವರು ನೋಡಿದ ರೀತಿ, ಅದು ಬೇರೆ ಯಾರದೋ ಕೈಯಿಂದ ಬಿದ್ದಿದೆ ಎನ್ನುವ ಹಾಗಿತ್ತು. ಮಾತು ದಪ್ಪವಾಗಿತ್ತು. ಬಾಯಿಯಲ್ಲಿ ರೊಟ್ಟಿ ಇದೆ ಎಂದುಕೊಂಡೆ. ಬಾಯಿಯಲ್ಲಿ ರೊಟ್ಟಿ ಇರಲಿಲ್ಲ.

ನಾನು ಗೂಡಿನಿಂದ ಕೆಂಪು ಬಟ್ಟೆ ತೆಗೆದೆ. ಇದು ನನಗೆ ಗೊತ್ತು. ಬಟ್ಟೆಯ ಮಡಿಕೆಯಲ್ಲಿ ಒಂದು ಸತ್ತ ಜೇಡ ಇತ್ತು, ಅದನ್ನು ಊದಿದೆ.

“ಏನದು ಕೈಯಲ್ಲಿ?”

“ತಾತ, ನಿಮ್ಗೆ ಹುಷಾರಿಲ್ವಲ್ಲ.”

“ಯಾರ್ ಹೇಳಿದ್ದು? ಬಿಳಿ ಹಾಕು.”

“ದೊಡ್ಡಪ್ಪ ಬಂದು ನೋಡ್ಲಿ...”

“ಬಿಳಿ!” ಎಂದರು. ಅಷ್ಟೇ ಹೇಳಿದರೋ, ಕೈ ಮುರಿಯುವ ಮಾತು ಮತ್ತೆ ಹೇಳಿದರೋ, ನಾನೇ ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಎಂಟಕ್ಕೆ ಸರಿಯಾಗಿ ನಾನು ತಂತಿಗೆ ಬಿಳಿ ಟವಲು ಹಾಕಿದೆ. ಸೆಲ್ಯೂಟ್ ಹೊಡೆದೆ. ತಾತ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಂಚದ ಮೇಲೆ ಮಲಗಿದರು.

ನಾನು ಕಣದಲ್ಲಿ ಕಾಫಿ ತಿರುವಿದೆ. ಎಷ್ಟು ಹೊತ್ತು? ಬಿಸಿಲು ಬಚ್ಚಲಿನ ಗೋಡೆಯಿಂದ ಇಳಿದು ಕಣದ ಅಂಚಿಗೆ ಬರುವವರೆಗೆ. ಒಳಗಿಂದ ಒಂದು ಸದ್ದು ಬಂತು, ಗೊರಕೆಯ ಹಾಗೆ, ಆದರೆ ಗೊರಕೆಯಲ್ಲ. ಹೋಗಿ ನೋಡಿದೆ. ತಾತನ ಒಂದು ಕಣ್ಣು ತೆರೆದಿತ್ತು. ಕರೆದರೆ ಆ ಕಣ್ಣು ನನ್ನ ಕಡೆ ಬಂತು, ಮಾತು ಬರಲಿಲ್ಲ.

ಈಗ ಓದುವ ಯಾರಿಗಾದರೂ ಗೊತ್ತು ನಾನು ಏನು ಮಾಡಬೇಕಿತ್ತು ಎಂದು. ಹತ್ತು ನಿಮಿಷದ ದಾರಿ. ಓಡಿದ್ದರೆ ಅಮ್ಮ ಸಿಗುತ್ತಿದ್ದಳು. ನಾನು ಓಡಲಿಲ್ಲ. ಅಂಗಳಕ್ಕೆ ಹೋಗಿ, ಕಲ್ಲು ಹತ್ತಿ, ಬಿಳಿ ತೆಗೆದು ಕೆಂಪು ಹಾಕಿದೆ. ನಾಲ್ಕು ಕ್ಲಿಪ್ಪು ಹಾಕಿದೆ, ಗಾಳಿಗೆ ಬೀಳಬಾರದೆಂದು. ಆಮೇಲೆ ಮೆಟ್ಟಿಲ ಮೇಲೆ ಕೂತು ಎದುರು ಬೆಟ್ಟ ನೋಡುತ್ತ ಕಾದೆ. ಕೆಂಪು ಹಾಕಿದರೆ ಅವರು ಬರುತ್ತಾರೆ. ಬಂದಿದ್ದರು, ನಾನೇ ಕಂಡಿದ್ದೆ. ಅವರು ನೋಡುವುದು ಎಂಟು ಗಂಟೆಗೆ ಮಾತ್ರ, ಆಮೇಲೆ ಬಸ್ಸು ಹತ್ತಿ ಇನ್ಯಾರದೋ ಊರಿಗೆ ಹೋಗುತ್ತಾರೆ ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಅಷ್ಟು ಗಟ್ಟಿಯಾಗಿ ನಾನು ಆಮೇಲೆ ಯಾವುದನ್ನೂ ನಂಬಿಲ್ಲ.

ಮಧ್ಯಾಹ್ನ ಊಟಕ್ಕೆಂದು ಅಮ್ಮ ಬಂದಳು. ದೂರದಿಂದಲೇ ತಂತಿಯ ಮೇಲಿನ ಕೆಂಪು ನೋಡಿ, ಕಾಫಿ ಬುಟ್ಟಿ ಅಲ್ಲೇ ಎಸೆದು ಓಡಿಬಂದಳು. ಹಣ್ಣುಗಳು ದಾರಿಯುದ್ದಕ್ಕೂ ಉರುಳಿದ್ದವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಜೀಪಿನಲ್ಲಿ ತಾತನನ್ನು ಆಸ್ಪತ್ರೆಗೆ ಒಯ್ದರು. ಹತ್ತನೇ ದಿನಕ್ಕೆ ಮನೆಗೆ ತಂದರು. ಬಲಭಾಗ ಪೂರ್ತಿ ಹೋಗಿತ್ತು. ಮಾತು ಹೋಗಿತ್ತು. ಬೆಳಿಗ್ಗೆಯೇ ತಂದಿದ್ದರೆ ಸ್ವಲ್ಪ ಉಳಿಯುತ್ತಿತ್ತೋ ಏನೋ ಎಂದು ಡಾಕ್ಟರು ಹೇಳಿದರಂತೆ. ಆ ಮಾತನ್ನು ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದರು, ಕಾಫಿ ಕೊಡುವಾಗ.

ತಾತ ಮನೆಗೆ ಬಂದ ಮರುದಿನ ಕಣಿವೆಯ ಎಲ್ಲ ಹಳೇ ಸೈನಿಕರೂ ನೋಡಲು ಬಂದರು. ನೇವಿ ದೊಡ್ಡಪ್ಪ ಕೊನೆಗೆ ಬಂದು ಬಾಗಿಲ ಹತ್ತಿರ ನಿಂತರು. ಸುಬೇದಾರ್ ಕಾಳಪ್ಪನವರಿಗೆ ತಡೆಯಲಾಗಲಿಲ್ಲ.

“ಏನ್ ಮಲ್ಲಪ್ಪ? ಸುಮ್ ಸುಮ್ನೆ ಹಾಕಿದ ದಿನ ಡೋಲಿ ಹೊರಿಸ್ಕೊಂಡು ಬಂದೆ. ಬೇಕಾದ ದಿನ ಎಲ್ಲಿ ಹೋಗಿದ್ಯೋ?”

“ಮಧ್ಯಾಹ್ನ ನಾನು ಬರೋವಾಗ್ಲೂ ಕೆಂಪು ನೇತಾಡ್ತಾನೇ ಇತ್ತು,” ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. “ಕೂಸು ಅದನ್ನೇ ನೋಡ್ಕೊಂಡು ಮೆಟ್ಲ ಮೇಲೆ ಕೂತಿತ್ತು ಕಣ್ರೀ.”

ಎಲ್ಲರೂ ನನ್ನ ಕಡೆ ತಿರುಗಿದರು. ಮಂಚದಲ್ಲಿದ್ದ ತಾತನ ಆ ಒಂದು ಕಣ್ಣೂ ತಿರುಗಿತು. ಅಪ್ಪ ಕೇಳಿದರು: “ಎಷ್ಟೊತ್ತಿಗೆ ಹಾಕ್ದೆ ಮಗಾ?”

ನನ್ನ ಬಾಯಿ ತೆರೆದಿತ್ತು. ಏನು ಹೇಳಲು ತೆರೆದಿತ್ತು ಎಂದು ನಲವತ್ತು ದಾಟಿದ ಈ ವಯಸ್ಸಿನಲ್ಲೂ ನನಗೆ ಗೊತ್ತಿಲ್ಲ. ನಿಜ ಹೇಳುತ್ತಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ.

“ಮಗೂನ ಯಾಕೆ ಕೇಳ್ತೀರ,” ಎಂದರು ನೇವಿ ದೊಡ್ಡಪ್ಪ. “ಅವತ್ತು ಬೆಳಿಗ್ಗೆ ನಾನು ದುರ್ಬೀನು ಮುಟ್ಲೇ ಇಲ್ಲ. ನೋಡ್ಲಿಲ್ಲ. ತಪ್ಪು ನಂದು.”

ಸುಬೇದಾರರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ಏಳು ಮನೇರ ಕೈಲಿ ದಿನಾ ಬಟ್ಟೆ ಹಾಕಿಸ್ದೆ. ನೀನೇ ನೋಡ್ಲಿಲ್ಲ.” ಇಷ್ಟು ಹೇಳಿ ಹೊರಗೆ ಹೋದರು. ಮಾರನೆಯ ಬೆಳಿಗ್ಗೆ ಅವರ ತಂತಿಯ ಮೇಲೆ ಬಟ್ಟೆ ಇರಲಿಲ್ಲ. ವಾರದೊಳಗೆ ಯಾರ ತಂತಿಯ ಮೇಲೂ ಇರಲಿಲ್ಲ. ಅಂದರೆ ಬಟ್ಟೆಗಳಿದ್ದವು, ಸೀರೆ, ಚಡ್ಡಿ, ಪಂಚೆ. ಅವಕ್ಕೆ ಎಂಟು ಗಂಟೆ ಎಂಬ ಹೊತ್ತು ಇರಲಿಲ್ಲ.

ನನಗಿದ್ದ ಗೊಂದಲ ಇಷ್ಟು. ಅವರು ನೋಡಿದ್ದರೆ ಎಂಟು ಗಂಟೆಗೆ ಬಿಳಿ ಕಂಡಿರಬೇಕು. ಕಂಡದ್ದನ್ನು ಹೇಳಿದ್ದರೆ ಅವರ ಮೇಲೆ ಒಂದು ಚೂರೂ ತಪ್ಪು ಉಳಿಯುತ್ತಿರಲಿಲ್ಲ. ಹೇಳಲಿಲ್ಲ ಎಂದರೆ ನನ್ನನ್ನು ಉಳಿಸಲು ಸುಳ್ಳು ಹೇಳಿದರು. ಅಥವಾ ನಿಜಕ್ಕೂ ಅವತ್ತು ನೋಡಿರಲಿಲ್ಲ. ಹಾಗಿದ್ದರೆ, ನೋಡಿದ್ದರೂ ಬಿಳಿಯೇ ಇರುತ್ತಿತ್ತು ಎನ್ನುವುದು ಅವರಿಗೆ ಗೊತ್ತೇ ಇಲ್ಲ. ತಮ್ಮಿಂದಲೇ ಒಬ್ಬ ಸೈನಿಕ ಮಾತು ಕಳೆದುಕೊಂಡ ಎಂದು ಅವರು ನಂಬಿದ್ದರು, ಮತ್ತು ಅದು ಸುಳ್ಳು ಎಂದು ತಿಳಿದಿದ್ದವರು ಪ್ರಪಂಚದಲ್ಲಿ ಇಬ್ಬರೇ. ಒಬ್ಬರಿಗೆ ಮಾತು ಬರುತ್ತಿರಲಿಲ್ಲ. ಇನ್ನೊಬ್ಬಳು ನಾನು.

ಬಟ್ಟೆ ನಿಂತ ಮೇಲೆ ಅವರು ನಡೆಯಲು ಶುರುಮಾಡಿದರು. ಜಗಲಿಯಿಂದ ಒಂದು ಸುತ್ತು ಕಣ್ಣು ಹಾಯಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಕಾಲು ಸವೆಸಿದರು. ದಿನಕ್ಕೆ ಒಂದು ಮನೆ. ನಮ್ಮ ಮನೆಗೆ ಗುರುವಾರ. ತಾತ ಬದುಕಿದ್ದ ಮೂರು ವರ್ಷ ಒಂದು ಗುರುವಾರವೂ ತಪ್ಪಿಸಿದ್ದು ನನಗೆ ನೆನಪಿಲ್ಲ. ಬಂದು, ಚಪ್ಪಲಿ ಬಿಟ್ಟು, ತಾತನ ಉಗುರು ಕತ್ತರಿಸುತ್ತಿದ್ದರು, ಪೇಪರು ಓದಿ ಹೇಳುತ್ತಿದ್ದರು. ತಾತ ಎಡಗೈ ಎತ್ತಿ ಅಂಗಳದ ಕಡೆ ತೋರಿಸಿ ಏನೋ ಸದ್ದು ಮಾಡುತ್ತಿದ್ದರು. ತಂತಿ ತೋರಿಸುತ್ತಿದ್ದಾರೆ, ನಡೆದದ್ದನ್ನು ಹೇಳುತ್ತಿದ್ದಾರೆ, ಇವತ್ತು ಎಲ್ಲ ಗೊತ್ತಾಗುತ್ತದೆ ಎಂದು ನಾನು ಬಾಗಿಲ ಹಿಂದೆ ಸರಿಯುತ್ತಿದ್ದೆ. ಅಮ್ಮ ಬಂದು, “ಬಾಯಿ ಒರೆಸ್ಬೇಕಾ ಮಾವ?” ಎಂದು ತಂತಿಯಿಂದ ಟವಲು ತಂದು ಒರೆಸುತ್ತಿದ್ದಳು. ತಾತ ಸುಮ್ಮನಾಗುತ್ತಿದ್ದರು. ಬಹುಶಃ ಬಾಯಿ ಒರೆಸಬೇಕಾಗಿತ್ತು ಅಷ್ಟೇ.

“ಏನಂತೆ ಹವಾಲ್ದಾರ್ರು? ನಂಗೇ ಬೈತಿರ್ಬೇಕು,” ಎಂದು ನೇವಿ ದೊಡ್ಡಪ್ಪ ನಗುತ್ತಿದ್ದರು. “ಬೈರಿ, ಬೈರಿ. ನೀರಿನೋನು ಕೈಕೊಟ್ಟ ಅಂತ ತಾನೆ?”

ನಾನು ಕಾಲೇಜಿಗೆ ಸೇರಿದ ಮೇಲೆ ಒಂದು ಸಲ ಅವರ ಜೊತೆ ಬಸ್ ನಿಲ್ದಾಣದವರೆಗೆ ನಡೆದೆ. ಆ ಹೊತ್ತಿಗೆ ತಾತ ಇರಲಿಲ್ಲ, ಆದರೂ ಅಜ್ಜಿಯನ್ನು ನೋಡಲು ಬರುತ್ತಿದ್ದರು. ಸೈನಿಕರ ಹೆಂಡತಿಯೂ ಸೈನಿಕಳೇ ಎನ್ನುತ್ತಿದ್ದರು. ಬಸವನಹುಳುವಿನ ಹಾಗೆ ನಿಧಾನ ನಡೆಯುತ್ತಿದ್ದರು, ಮಂಡಿ ಹೋಗಿತ್ತು. ನಾನು ಧೈರ್ಯ ಮಾಡಿ, “ದೊಡ್ಡಪ್ಪ, ಅವತ್ತು ಬೆಳಿಗ್ಗೆ ತಂತಿ ಮೇಲೆ...” ಎಂದೆ.

“ಬಸ್ ಬಂತು ನೋಡು,” ಎಂದರು.

ಬಸ್ ಬಂದಿತ್ತೇ? ನನಗೆ ಹಾರ್ನ್ ಕೇಳಿಸಿದ ನೆನಪಿದೆ. ಆಮೇಲೆ ಇಬ್ಬರೂ ತುಂಬಾ ಹೊತ್ತು ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿಂದ ನೆನಪೂ ಇದೆ. ಎರಡೂ ನಿಜವಾಗಲು ಸಾಧ್ಯವಿಲ್ಲ. ನಾನು ಮತ್ತೆ ಕೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಾಜಿ ಸೈನಿಕರು ಸೇರಿ ಒಂದು ಸಭೆ ಮಾಡಿದರು. ಕಿವಿ ಕೇಳದವರಿಗೆ ಯಂತ್ರ ಕೊಡಿಸಿದ್ದು, ಆಸ್ಪತ್ರೆಯಲ್ಲಿ ಯಾರದೋ ಹಾಸಿಗೆಯ ಪಕ್ಕ ಹನ್ನೊಂದು ದಿನ ಕೂತದ್ದು, ಗಂಡನ ಹೆಸರು ಒಂದಕ್ಷರ ತಪ್ಪಿದ್ದಕ್ಕೆ ಎಂಟು ವರ್ಷ ಅಲೆದ ಹೆಂಗಸಿನ ಕಾಗದ ಸರಿಮಾಡಿಸಿದ್ದು, ಎಲ್ಲ ಹೇಳಿದರು. ಸುಬೇದಾರ್ ಕಾಳಪ್ಪನವರ ಮಗ ಕೊನೆಗೆ ಎದ್ದು, “ಮನುಷ್ಯ ಅಂದ್ಮೇಲೆ ಒಂದು ತಪ್ಪು ಆಗೇ ಆಗ್ತದೆ. ಅವರ ಕೈಯಲ್ಲೂ ಒಂದೇ ಒಂದು ಆಯ್ತು. ಅದನ್ನ ಅವರು ಜೀವಮಾನ ಪೂರ್ತಿ ನಡೆದು ತೀರಿಸಿದ್ರು,” ಎಂದ. ಸಭೆಯವರು ತಲೆಯಾಡಿಸಿದರು. ಮೂರನೇ ಸಾಲಿನಲ್ಲಿ ಕೂತಿದ್ದ ನಾನೂ ತಲೆಯಾಡಿಸಿದೆ. ತಲೆ ತಾನಾಗಿಯೇ ಆಡಿತು.

ಮರುದಿನ ಬೆಳಿಗ್ಗೆ ನಾನು ಗೌರಮ್ಮ ದೊಡ್ಡಮ್ಮನ ಮನೆಗೆ ಹೋದೆ. ಅವರಿಗೆ ಈಗ ಕಣ್ಣು ಮಬ್ಬು.

“ಅವತ್ತಿನ ಬೆಳಿಗ್ಗೆ ದೊಡ್ಡಪ್ಪ ನೋಡಿರ್ಲಿಲ್ವಾ, ದೊಡ್ಡಮ್ಮ?”

“ಅವರಾ? ಒಂದಿನ ತಪ್ಪಿಸ್ದೋರಲ್ಲ ಕಣವ್ವ. ಕಾಫಿ ಆರಿ ಹೋದ್ರೂ ಸರಿ, ಎಂಟಕ್ಕೆ ಇಲ್ಲೇ ನಿಂತಿರೋರು.” ಅವರು ಕಂಬವನ್ನು ತಟ್ಟಿ ತೋರಿಸಿದರು. ಆಮೇಲೆ ನನಗೆ ಕಾಫಿ ಕೊಡುತ್ತ, ಕೇಳದೆಯೇ ಹೇಳಿದರು: “ಆ ವರ್ಷ ಚಳೀಲಿ ಜ್ವರ ಬಂದು ಎಂಟು ದಿನ ಎದ್ದಿರ್ಲಿಲ್ಲ. ನಾನೇ ಗಂಜಿ ಕುಡಿಸ್ತಿದ್ದೆ.”

“ಯಾವ ವರ್ಷ?”

“ಆ ವರ್ಷನೇ.”

“ನಿಮ್ಮ ಹತ್ರ ಹಳದಿ ಸೀರೆ ಇತ್ತಲ್ಲ, ಆಗ?”

“ಹಳದಿ? ನಂಗೆ ಹಳದಿ ಆಗಲ್ಲ ಕಣೇ. ಉಟ್ಟೇ ಇಲ್ಲ ಯಾವತ್ತೂ.”

ದುರ್ಬೀನು ಗೂಡಿನಲ್ಲೇ ಇತ್ತು. ಎಂಟು ಗಂಟೆಗೆ ಐದು ನಿಮಿಷವಿತ್ತು. ನಾನು ಅದನ್ನು ತೆಗೆದುಕೊಂಡು ಕಂಬದ ಪಕ್ಕ ನಿಂತೆ. ಬರಿಗಣ್ಣಿಗೆ ಕಣಿವೆ ಚೆನ್ನಾಗಿಯೇ ಕಾಣುತ್ತಿತ್ತು, ತಂತಿಗಳು ಕಾಣುವಷ್ಟಲ್ಲ. ಏಳು ಮನೆಗಳಲ್ಲಿ ಈಗ ನಾಲ್ಕು ಹೋಂಸ್ಟೇ. ಅಲ್ಲಿ ಬಟ್ಟೆಗಳು ಮನೆಯ ಹಿಂದೆ, ಯಾರಿಗೂ ಕಾಣದಂತೆ ಒಣಗುತ್ತವೆ. ಮಾಜಿ ಸೈನಿಕರಿಗೆ ಮೊಬೈಲಿನಲ್ಲಿ ಒಂದು ಗುಂಪಿದೆ. ಬೆಳಿಗ್ಗೆಯಾದರೆ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದ ಐವತ್ತು ಚಿತ್ರಗಳು ಬರುತ್ತವಂತೆ. ಯಾರ ಹೂವು ಬರಲಿಲ್ಲ ಎಂದು ನೋಡುವ ಕೆಲಸ ಯಾರಿಗೂ ಕೊಟ್ಟಿಲ್ಲ. ನಮ್ಮ ಮನೆಯ ತಂತಿ ಮಾತ್ರ ಇನ್ನೂ ಅಂಗಳದಲ್ಲೇ ಇದೆ. ಅಮ್ಮ ಬದಲಾಯಿಸಲು ಬಿಟ್ಟಿಲ್ಲ.

ದುರ್ಬೀನನ್ನು ಕಣ್ಣಿಗೆ ಹಿಡಿದೆ. ಎರಡೂ ಗಾಜಿನ ಒಳಗೆ ಬೂಷ್ಟು ಹಬ್ಬಿತ್ತು, ಜೇಡರ ಬಲೆಯ ಹಾಗೆ. ನಮ್ಮ ಕಡೆಯ ಮಳೆಗೆ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಎಷ್ಟು ವರ್ಷದಿಂದ ಹೀಗಿದೆ? ಅವರ ಕಾಲದಲ್ಲೇ ಹೀಗಿತ್ತೇ? ನಾನು ನೋಡಿದ ಆ ಹಳದಿ, ಇದರೊಳಗೆ ಕಂಡದ್ದೇ ಹೌದಾದರೆ, ಯಾರದು? ತಿರುಗಿಸಿ ತಿರುಗಿಸಿ ನಮ್ಮ ಅಂಗಳವನ್ನು ಹಿಡಿದೆ. ತಂತಿಯ ಮೇಲೆ ಏನೋ ಇತ್ತು. ಗಾಳಿಗೆ ಅಲ್ಲಾಡುತ್ತಿತ್ತು. ಬಿಳಿಯೋ ಕೆಂಪೋ ತಿಳಿಯಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ತಂತಿ ಮೇಲೆ ಏನು ಹಾಕಿದೀಯ?”

“ಯಾಕೆ, ಆ ಕಡೆ ಮಳೆ ಬತ್ತಾ ಅದಾ? ತೆಗೀಲಾ?”

“ಇಲ್ಲ. ಯಾವ ಬಣ್ಣದ್ದು?”

“ಬಣ್ಣ ಕಟ್ಕೊಂಡು ನಿಂಗೇನೇ ಆಗ್ಬೇಕು? ಬೆಳಿಗ್ಗೆ ಬೆಳಿಗ್ಗೆ.”

ನಾನು ಕಂಬಕ್ಕೆ ಒರಗಿದೆ. ಅವರ ಕೈ ಹಿಡಿದು ಹಿಡಿದು ಅದರ ಬಣ್ಣ ಒಂದು ಎತ್ತರದಲ್ಲಿ ಸವೆದಿತ್ತು. ದೊಡ್ಡಮ್ಮ ಒಳಗೆ ಏನೋ ಕುಟ್ಟುತ್ತಿದ್ದರು.

“ಅಮ್ಮ, ಅವತ್ತು ಎಂಟು ಗಂಟೆಗೆ ನಾನು ಬಿಳಿ ಹಾಕಿದ್ದೆ. ಆಮೇಲೆ ತಾತ ಮಾತಾಡ್ಲಿಲ್ಲ, ಅದಕ್ಕೆ ತೆಗೆದು ಕೆಂಪು ಹಾಕಿದೆ. ದೊಡ್ಡಪ್ಪಂದು ಏನೂ ತಪ್ಪಿರ್ಲಿಲ್ಲ.”

ಅಮ್ಮ ಅಂಗಳಕ್ಕೆ ಬಂದಳು ಎಂದು ಕಾಣುತ್ತದೆ. ಫೋನಿನಲ್ಲಿ ಗಾಳಿಯ ಸದ್ದು ಕೇಳಿಸಿತು, ಬಟ್ಟೆ ಪಟಪಟ ಎನ್ನುವುದು ಕೇಳಿಸಿತು. ಮೊದಲ ಸಲ ನಾನು ಹೇಳಿದ್ದು ಯಾರಿಗಾದರೂ ಮುಟ್ಟಿತು ಎಂದುಕೊಂಡೆ.

“ಯಾವತ್ತು?” ಎಂದಳು ಅಮ್ಮ.